ಲುಂಗಿ ಉಟ್ಟ ಗಿಟಾರೂ, ನನ್ನ ತಮ್ಮನ 38,000 ರೂಪಾಯಿಯೂ!

ಕನ್ನಡದಲ್ಲಿ ಹಾಡುಗಾರನಾಗಬೇಕೆಂದರೆ ಗಾಂಧಿನಗರದ ಬಾಗಿಲು ತಟ್ಟಲೇಬೇಕು ಎಂಬುದು ನಮ್ಮ ಕಡೆಯ ಹುಡುಗರ ಗಟ್ಟಿ ನಂಬಿಕೆ. ತಪ್ಪೇನಿಲ್ಲ ಬಿಡಿ. ನಾವು ಕೇಳಿ ಬೆಳೆದದ್ದೇ ಸಿನಿಮಾ ಹಾಡು. ಮರೆಯಲ್ಲಿ ಯಾರೋ ಹಾಡುತ್ತಾರೆ, ತೆರೆಯ ಮೇಲೆ ನಾಯಕ ಬಾಯಾಡಿಸುತ್ತಾನೆ, ನಮ್ಮ ಸೀಟಿ ಮಾತ್ರ ನಾಯಕನಿಗೆ! ಆದರೆ ನಾಯಕನೂ ಇಲ್ಲದೆ, ಫೈಟಿಂಗೂ ಇಲ್ಲದೆ, ಒಬ್ಬ ಮೈಸೂರಿನ ಹುಡುಗ ತಾನೇ ರಾಗ ಕಟ್ಟಿ, ತಾನೇ ಗಿಟಾರು ಮೀಟಿ, ತಾನೇ ಹಾಡಿದ ಆಲ್ಬಮ್ಮೊಂದು 2008ರಲ್ಲಿ ಬಂತು. ಅದರ ಹೆಸರಿನಲ್ಲೂ ಹಾಡುಗಾರನ ಹೆಸರಿತ್ತು: ರಘು ದೀಕ್ಷಿತ್.

ಅದರ ಮಾತು ಈಗೇಕೆ ಅಂತೀರಾ? ನಮ್ಮ ಮನೆಯಲ್ಲಿ ಒಂದು ತಿಂಗಳಿಂದ ನಡೆಯುತ್ತಿರುವ ಜಗಳಕ್ಕೆ ಅದೇ ಕಾರಣ!

ನಮ್ಮದು ದೊಡ್ಡಬಳ್ಳಾಪುರ. ಅಪ್ಪ ಬೇರೆಯವರ ಪವರ್‌ಲೂಮಿನಲ್ಲಿ ಸೀರೆ ನೇಯುವ ಕೂಲಿ. ನನಗಿಂತ ಏಳು ವರ್ಷ ಚಿಕ್ಕವನಾದ ತಮ್ಮ ಗಾರ್ಮೆಂಟ್ಸಿಗೆ ಹೋಗುತ್ತಾನೆ. ಎರಡು ವರ್ಷ ಹೊಟ್ಟೆ ಕಟ್ಟಿ 38,000 ರೂಪಾಯಿ ಕೂಡಿಟ್ಟಿದ್ದಾನೆ. ಆ ದುಡ್ಡಲ್ಲಿ ಬೆಂಗಳೂರಿನ ಸ್ಟುಡಿಯೋದಲ್ಲಿ ತನ್ನ ಆರು ಹಾಡು ರೆಕಾರ್ಡ್ ಮಾಡಿಸಬೇಕಂತೆ. ಅಮ್ಮನಿಗೆ ಅದೇ ದುಡ್ಡಲ್ಲಿ ಸೋರುವ ಸೂರಿಗೆ ಹೊಸ ಶೀಟು ಹೊದಿಸಬೇಕು. "ಮೊದಲು ಸೂರು, ಆಮೇಲೆ ಹಾಡು" ಅಂತಾಳೆ. ಕೊನೆಗೆ ನನ್ನ ಕಡೆ ತಿರುಗಿ, "ನೀನಂತೂ ಪಿಯುಸಿ ಬಿಟ್ಟು ಪೇಪರು ಪೇಪರು ಅಂತ ಅಲೆದೆ. ಇವನಿಗಾದರೂ ಬುದ್ಧಿ ಹೇಳೋ" ಅಂದಳು. ತಿಂಗಳ ಸಂಬಳ ಇಲ್ಲದೆ, ಬರೆದದ್ದಕ್ಕೆ ಬಂದಷ್ಟು ಎಂದು ಬದುಕುವ ನನ್ನ ಬಾಯಲ್ಲಿ ಬುದ್ಧಿಮಾತು ಎಲ್ಲಿಂದ ಬರಬೇಕು ಸ್ವಾಮಿ?

ತಮ್ಮ ಬಿಡುವನೇ! "ರಘು ದೀಕ್ಷಿತ್ ಮಾಡಲಿಲ್ವಾ ಅಣ್ಣಾ?" ಅಂದ. ಸರಿ, ಹಾಗಾದರೆ ಅವರು ಏನು ಮಾಡಿದರು ಅಂತಲೇ ನೋಡೋಣ ಕಣೋ ಅಂತ ಕೂತೆ.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಅದರಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಅದು ಹುಡುಗಿಯರ ಕೆಲಸ ಎಂದು ಕಾಲೇಜಿನಲ್ಲಿ ಗೆಳೆಯನೊಬ್ಬ ಚುಡಾಯಿಸಿದಾಗ ಪಂತಕ್ಕೆ ಬಿದ್ದು ಗಿಟಾರು ಕಲಿತರು. 1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಅದು ಚದುರಿದ ಮೇಲೆ ಹೊಸ ತಂಡ. ಕೊನೆಗೆ ಮುಂಬಯಿಯಲ್ಲಿ ಹಿಂದಿ ಸಿನಿಮಾದ ಜೋಡಿ ವಿಶಾಲ್-ಶೇಖರ್ ಅವರ ಕಿವಿಗೆ ಬಿದ್ದು, ಆ ಜೋಡಿಯ ಸಂಸ್ಥೆಯಿಂದ ಮೊದಲ ಆಲ್ಬಮ್ ಹೊರಬರುವ ಹೊತ್ತಿಗೆ ಇವರ ವಯಸ್ಸು ಮೂವತ್ತು ದಾಟಿತ್ತು. ಲೆಕ್ಕ ಹಾಕಿ! ತಂಡ ಕಟ್ಟಿದಂದಿನಿಂದ ಆಲ್ಬಮ್ಮಿಗೆ ಹತ್ತಿರ ಹತ್ತಿರ ಹತ್ತು ವರ್ಷ. ನನ್ನ ತಮ್ಮನಿಗೆ ಈ ಹತ್ತು ವರ್ಷ ಕಾಣುವುದಿಲ್ಲ. ಕಾಲಿಗೆ ಗೆಜ್ಜೆ, ಸೊಂಟಕ್ಕೆ ಬಣ್ಣದ ಲುಂಗಿ, ಮುಂದೆ ಸಾವಿರಾರು ಜನ, ಇಷ್ಟೇ ಕಾಣುವುದು.

ಆ ಆಲ್ಬಮ್ಮಿನಲ್ಲಿ ಹಿಂದಿ ಇದೆ, ಇಂಗ್ಲಿಷ್ ಇದೆ. ಆದರೆ ನಮ್ಮ ಕಡೆ ಅದನ್ನು ಮನೆ ಮನೆಗೆ ಮುಟ್ಟಿಸಿದ್ದು ಎರಡು ಕನ್ನಡ ಹಾಡು. ಒಂದು ಗುಡುಗುಡಿಯ ಮೇಲಿನದು, ಇನ್ನೊಂದು ಸೋರುವ ಮಾಳಿಗೆಯ ಮೇಲಿನದು. ಎರಡೂ ಅವರ ಸ್ವಂತ ಸಾಹಿತ್ಯವಲ್ಲ, ಸಂತ ಶಿಶುನಾಳ ಶರೀಫರದು. ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಗಿಟಾರು ಕಂಡವರೇ ಅಲ್ಲ! 1990ರಲ್ಲಿ ನಾಗಾಭರಣರು ಶ್ರೀಧರ್ ಅವರನ್ನು ಹಾಕಿಕೊಂಡು ತೆಗೆದ 'ಸಂತ ಶಿಶುನಾಳ ಶರೀಫ' ನೀವು ನೋಡಿರಬಹುದು. ಅದಕ್ಕೆ ಸಂಗೀತ ಸಿ. ಅಶ್ವಥ್. ಅವರ ದನಿಯಲ್ಲಿ ಕೇಳಿ ನಮ್ಮ ಅಪ್ಪಂದಿರಿಗೆ ಗೊತ್ತಿದ್ದ ಶರೀಫರನ್ನು ರಘು ನಮ್ಮ ವಯಸ್ಸಿನವರ ಇಯರ್‌ಫೋನಿಗೆ ದಾಟಿಸಿದರು.

ನೂರು ವರ್ಷ ಹಳೆಯ ಮಾತು ಗಿಟಾರಿಗೆ ಹೇಗೆ ಒಗ್ಗಿತು? ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ, ದಮಡಿ ಇರುತ್ತವೆ. ಏಕತಾರಿ ಶ್ರುತಿ ಹಿಡಿಯುತ್ತೆ, ದಮಡಿ ತಾಳ ಹಿಡಿಯುತ್ತೆ. ಗಿಟಾರು ಆರು ತಂತಿಯಲ್ಲಿ ಎರಡೂ ಕೆಲಸ ಮಾಡುತ್ತೆ. ಬೆರಳು ಒತ್ತಿದರೆ ಶ್ರುತಿ, ಕೈ ಬೀಸಿದರೆ ತಾಳ. ಇನ್ನು ಶರೀಫರ ಸಾಲುಗಳೋ, ಚಿಕ್ಕವು. ಪಲ್ಲವಿ ಮತ್ತೆ ಮತ್ತೆ ಮರಳಿ ಬರುತ್ತೆ, ಎರಡನೇ ಸಲಕ್ಕೆ ಕೇಳುವವನೂ ದನಿಗೂಡಿಸಬಹುದು. ಹೇಳುವುದು ಆತ್ಮದ ವಿಷಯ, ಹಿಡಿದುಕೊಂಡದ್ದು ಮಾತ್ರ ಮನೆಯ ಸಾಮಾನು: ಹುಕ್ಕಾ, ಮಾಡು, ಮಳೆ. ಜೊತೆಗೆ ಡ್ರಮ್ಮು ಗಿಮ್ಮು ಏನೇ ಇರಲಿ, ಈ ಹಾಡುಗಳ ಬೆನ್ನೆಲುಬು ಒಂದು ಗಿಟಾರು, ಒಂದು ಗಂಟಲು, ಒಂದು ಮನೆ.

ಸಿನಿಮಾದವರೂ ಸುಮ್ಮನಿರಲಿಲ್ಲ. ಅದೇ 2008ರಲ್ಲಿ 'ಸೈಕೋ' ಚಿತ್ರಕ್ಕೆ ಸಂಗೀತ ಕೊಟ್ಟರು. ಮಹದೇಶ್ವರನ ಹೆಸರು ಹಿಡಿದ ಅದರ ಹಾಡು ಎಲ್ಲ ಆಟೋಗಳಲ್ಲೂ ಮೊಳಗಿತು. 2010ರಲ್ಲಿ ಸುದೀಪರ 'ಜಸ್ಟ್ ಮಾತ್ ಮಾತಲ್ಲಿ'. ಅದೇ ವರ್ಷ ಲಂಡನ್ನಿನ ಬಿಬಿಸಿ ಟಿವಿ. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ.

ಸಿನಿಮಾದ ಹಂಗಿಲ್ಲದ ಹಾಡು ನಮ್ಮ ಸೀಮೆಗೆ ಹೊಸದೂ ಅಲ್ಲ. ಪಕ್ಕದ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ನಿಸಾರ್ ಅಹಮದರ ಕವನಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿ, 1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ಟು ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ಟು ಎಂದು ಹೆಸರಾದದ್ದು ಅದು. ನಮ್ಮೂರ ಬಸ್ಸು ದೇವನಹಳ್ಳಿ ದಾಟುವಾಗ ಜನ ವಿಮಾನ ನೋಡುತ್ತಾರೆ. ನಾನು ಆ ಕ್ಯಾಸೆಟ್ಟು ನೆನೆಯುತ್ತೇನೆ.

ಇಷ್ಟೆಲ್ಲ ತಮ್ಮನಿಗೆ ಹೇಳಿ, "ಈಗ ನಿನ್ನ ಆರು ಹಾಡು ಹಾಡು" ಅಂದೆ. ಹಾಡಿದ. ಐದರಲ್ಲಿ ಹುಡುಗಿ, ಮಳೆ, ಕಾಫಿ, ಬುಲೆಟ್ ಬೈಕು. ಕಂಠ ಚೆನ್ನಾಗಿದೆ, ಆದರೆ ಅವನ ಹತ್ತಿರ ಬುಲೆಟ್ಟೂ ಇಲ್ಲ, ಹುಡುಗಿಯೂ ಇಲ್ಲ. ಆರನೆಯದು ಅಪ್ಪನ ಮಗ್ಗದ ಮೇಲೆ. ಅದು ಶುರುವಾದಾಗ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ಯಾವತ್ತೂ ಈ ಜಗಳಕ್ಕೆ ಬಾಯಿ ಹಾಕದ ಅಪ್ಪ ಚಾಪೆಯ ಮೇಲಿಂದಲೇ, "ಮಗ್ಗ ಹಂಗೆ ಬಡಿಯಲ್ಲ ಕಣೋ. ಲಾಳಿ ಆ ಕಡೆ ಹೋದಾಗ ಒಂದು ಸದ್ದು, ಈ ಕಡೆ ಬಂದಾಗ ಇನ್ನೊಂದು. ನೀನು ಎರಡೂ ಒಂದೇ ಥರ ಬಾರಿಸ್ತಿದ್ದೀಯ" ಅಂದರು. ತಮ್ಮ ಹತ್ತು ನಿಮಿಷ ತಡಕಾಡಿ ಕೈ ಬದಲಿಸಿದ. ಅಪ್ಪ ತಲೆಯಾಡಿಸಿದರು.

ನಾನು ಹೇಳಿದ್ದಿಷ್ಟು: ಆರು ಬೇಡ, ಈ ಒಂದನ್ನು ಮಾತ್ರ ರೆಕಾರ್ಡ್ ಮಾಡಿಸು. ಉಳಿದ ದುಡ್ಡಲ್ಲಿ ಶೀಟು ತಗೊಂಡು ಬಾ. ಕೆಲಸ ಬಿಡಬೇಡ. ಇಂಥ ಹಾಡು ಇನ್ನೈದು ಹುಟ್ಟಲಿ, ಆಮೇಲೆ ಆಲ್ಬಮ್ಮು. ಹತ್ತು ವರ್ಷ ಆದರೂ ಆಗಲಿ.

"ಹತ್ತು ವರ್ಷಕ್ಕೆ ನಂಗೆ ಮೂವತ್ತೊಂದಾಗುತ್ತಣ್ಣ!" ಅಂದ.

"ಅವರಿಗೆ ಎಷ್ಟಾಗಿತ್ತು ಅಂತ ಈಗ ತಾನೇ ಹೇಳಿದೆನಲ್ಲೋ!"

ಸಿಡಿಸಿಡಿ ಅಂದುಕೊಂಡೇ ಒಪ್ಪಿದ್ದಾನೆ. ಶೀಟು ಬಂದಿದೆ. ಸ್ಟುಡಿಯೋದಲ್ಲಿ ಬರುವ ಭಾನುವಾರ ಮೂರು ಗಂಟೆ ಹೊತ್ತು ಗೊತ್ತು ಮಾಡಿದ್ದೇವೆ. ಅಪ್ಪನೂ ಬರುತ್ತಾರಂತೆ, ಲಾಳಿಯ ಲೆಕ್ಕ ಹೇಳೋಕೆ! "ಹಾಡು ಬಂದ ಮೇಲೆ ನಿನ್ನ ಪತ್ರಿಕೆಯಲ್ಲಿ ಬರೀತೀಯ ತಾನೆ?" ಅಂತ ತಮ್ಮ ಕೇಳಿದ. ಒಡಹುಟ್ಟಿದವನ ಹಾಡಿಗೆ ನಾನು ಮಾರ್ಕು ಹಾಕುವುದಿಲ್ಲ ಅಂದೆ. ಆ ಕೆಲಸ ನಿಮ್ಮದು. ಹೊಸಕೋಟೆ, ನೆಲಮಂಗಲ, ಎಲ್ಲಾದರೂ ಬಸ್ಸಿಗೆ ಕಾಯುವಾಗ ಮಗ್ಗದ ಸದ್ದಿನ ಹಾಡೊಂದು ಕಿವಿಗೆ ಬಿದ್ದರೆ ಪೂರ್ತಿ ಕೇಳಿ. ಚೆನ್ನಾಗಿಲ್ಲ ಅನ್ನಿಸಿದರೆ ಮುಲಾಜಿಲ್ಲದೆ ಬರೆದು ತಿಳಿಸಿ.