ಪೋರ್ಟ್ ಆಫ್ ಸ್ಪೇನಿನಲ್ಲಿ ನಾಲ್ಕು ರಾತ್ರಿ

2024ರ ಜನವರಿಯಲ್ಲಿ ನಾವು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪಕ್ಕೆ ಹೋಗಿಬರುವ ಪ್ರಸಂಗವೊಂದು ಒದಗಿತು. ಬಾಗಲಕೋಟೆ ಕಡೆಯ ಹಳೆಯ ಭಕ್ತ ಮನೆತನವೊಂದರ ಮೊಮ್ಮಗ ಅಲ್ಲಿಯ ಪಾಯಿಂಟ್ ಲೀಸಾಸ್ ಎಂಬಲ್ಲಿ ಅಮೋನಿಯ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದಾನೆ. ಆತನ ಧರ್ಮಪತ್ನಿ ಚೊಚ್ಚಲ ಹೆಣ್ಣುಕೂಸನ್ನು ಹೆತ್ತಿದ್ದಳು. ಕೂಸಿಗೆ ನಮ್ಮ ಕೈಯಿಂದಲೇ ಲಿಂಗಧಾರಣೆಯಾಗಬೇಕೆಂದು ಊರಿನಲ್ಲಿದ್ದ ಮುತ್ತಜ್ಜಿಯ ಹಟ. ನಾವು ಪೀಠಾಧಿಪತಿಗಳಲ್ಲ, ಮಠದಲ್ಲಿ ಓದಿ, ನಾಲ್ಕಕ್ಷರ ಬರೆದು, ಕರೆದಲ್ಲಿಗೆ ಹೋಗಿ ಪ್ರವಚನ ಹೇಳಿ ಬರುವ ಸಾಮಾನ್ಯ ಜಂಗಮರು. ಆಗ ನಾವು ನ್ಯೂಯಾರ್ಕಿನಲ್ಲಿ ಭಕ್ತರ ಮನೆಯಲ್ಲಿದ್ದುದರಿಂದ, ಅಲ್ಲಿಂದ ವಿಮಾನದಲ್ಲಿ ಐದು ತಾಸಿನ ದಾರಿಯೆಂದು ತಿಳಿದು ಒಪ್ಪಿಕೊಂಡೆವು.

ಹೋಗಿ ನೋಡಿದರೆ ಬಾಣಂತಿಗೆ ಜ್ವರ ಕಾಣಿಸಿಕೊಂಡು, ತಾಯಿ ಮಗು ಇಬ್ಬರೂ ರಾಜಧಾನಿ ಪೋರ್ಟ್ ಆಫ್ ಸ್ಪೇನಿನ ಆಸ್ಪತ್ರೆಯಲ್ಲಿಯೇ ಇನ್ನೂ ಕೆಲವು ದಿನ ಉಳಿಯಬೇಕಾಗಿತ್ತು. ಹುಡುಗನೂ ಆಸ್ಪತ್ರೆಯಲ್ಲಿಯೇ ಇರುತ್ತಿದ್ದ. ಅವನ ಮನೆಯಿರುವ ಕೂವಾ ಎಂಬ ಊರು ದೂರ. ನಾವು ಆಸ್ಪತ್ರೆಗೆ ಸಮೀಪದಲ್ಲಿ ಎಲ್ಲಿಯಾದರೂ ಇಳಿದುಕೊಳ್ಳುವುದೆಂದು ಗೊತ್ತಾಯಿತು.

"ಅಜ್ಜಾರ, ಸಮುದ್ರದ ದಂಡಿಗೆ ಛಲೋ ಹೋಟೆಲ್ ಐತ್ರಿ. ಅಲ್ಲೇ ಒಂದು ರೂಮ್ ಹಿಡೀತೀನಿ," ಎಂದ ಹುಡುಗ.

"ಬ್ಯಾಡಪಾ. ಮಠದಾಗ ಚಾಪಿ ಮ್ಯಾಲೆ ಮಲಗಿ ಬೆಳದವರು ನಾವು. ನಾಕು ಗ್ವಾಡಿ, ಒಂದು ನಳ ಇದ್ದರ ಸಾಕು," ಎಂದೆವು. ಹಾಗೆ ಹೇಳುವಾಗ ನಮ್ಮ ಧ್ವನಿಯಲ್ಲಿ ಒಂದಿಷ್ಟು ಅಭಿಮಾನವೂ ಇದ್ದಿತೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ವುಡ್‌ಬ್ರೂಕ್ ಎಂಬ ಬಡಾವಣೆಯಲ್ಲಿ ದಿನಕ್ಕೆ 50 ಅಮೆರಿಕನ್ ಡಾಲರಿನ, ಆ ಊರಿನ ಮಟ್ಟಿಗೆ ಅಗ್ಗದ್ದೇ ಎನ್ನಬಹುದಾದ ಹೋಟೆಲೊಂದು ಸಿಕ್ಕಿತು. ಹಿಂದೊಮ್ಮೆ ಯಾರದೋ ಮನೆಯಾಗಿದ್ದು, ಆಮೇಲೆ ಗೋಡೆಗಳನ್ನು ಎಬ್ಬಿಸಿ ಹತ್ತು ಹನ್ನೆರಡು ಕೋಣೆಗಳನ್ನಾಗಿ ಮಾಡಿದ ಕಟ್ಟಡ. ನಮಗೆ ದೊರೆತುದು ಮಹಡಿಯ ಮೇಲಿನ ಕೋಣೆ. ಗಾಜಿನ ಪಟ್ಟಿಗಳ ಕಿಟಕಿ, ಅದಕ್ಕೆ ಕಳ್ಳರ ಭಯದಿಂದ ಕಬ್ಬಿಣದ ಸರಳು. ಗೋಡೆಯಲ್ಲಿ ಹುಗಿದ ಹಳೆಯ ಏರ್ ಕಂಡಿಷನರು, ಅದು ರಾತ್ರಿಯೆಲ್ಲ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುವಂಥದು. ಮೇಜಿನ ಖಾನೆಯಲ್ಲಿ ಬೈಬಲ್ಲು. ಕೋಣೆಯಲ್ಲಿ ಬೆಂಕಿ ಹಚ್ಚಕೂಡದೆಂಬ ಫಲಕ ಬಾಗಿಲ ಹಿಂದೆ. ಅಲ್ಲಿಯ ವಿದ್ಯುತ್ತು 115 ವೋಲ್ಟಿನದು, ಪ್ಲಗ್ಗಿನ ಕಡ್ಡಿಗಳು ಚಪ್ಪಟೆ. ಆದ್ದರಿಂದ ಹಾಲು ಕಾಯಿಸಲೆಂದು ಊರಿನಿಂದ ಒಯ್ದಿದ್ದ ನಮ್ಮ ವಿದ್ಯುತ್ ಸುರುಳಿ ನಾಲ್ಕು ದಿನವೂ ಚೀಲದಲ್ಲಿಯೇ ಕುಳಿತಿತು. ಸ್ನಾನದ ಮನೆಯು ನಮಗೂ ಪಕ್ಕದ ಕೋಣೆಯವರಿಗೂ ಕೂಡಿ ಒಂದೇ. ಅದರಲ್ಲಿ ಬಕೆಟ್ಟಿಲ್ಲ, ತಂಬಿಗೆಯಿಲ್ಲ. ಮೇಲಿನಿಂದ ಸುರಿಯುವ ನಳವೊಂದೇ. ವಿದೇಶಕ್ಕೆ ಹೊರಡುವ ನಮ್ಮ ಹಿರಿಯರು ಬೇರೆ ಏನನ್ನು ಮರೆತರೂ ಒಂದು ತಂಬಿಗೆಯನ್ನು ಮಾತ್ರ ಮರೆಯಬಾರದು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹತ್ತಿರದ ಬಯಲೊಂದರಲ್ಲಿ ಕಾರ್ನಿವಲ್ ಹಬ್ಬದ ಸ್ಪರ್ಧೆಗಾಗಿ ಸ್ಟೀಲ್‌ಪ್ಯಾನ್ ವಾದ್ಯದವರು ತಾಲೀಮು ನಡೆಸಿದ್ದರು. ಬಳಸಿ ಎಸೆದ ಎಣ್ಣೆಯ ಪೀಪಾಯಿಗಳನ್ನು ತಟ್ಟಿ ತಗ್ಗಿಸಿ ಸ್ವರ ಹೊರಡಿಸುವ ಈ ವಾದ್ಯ ಇದೇ ಊರಿನ ಬಡವರ ಕೇರಿಗಳಲ್ಲಿ 1930-40ರ ದಶಕಗಳಲ್ಲಿ ಹುಟ್ಟಿದ್ದು. ಕೇಳಲು ಇಂಪಾಗಿಯೇ ಇದ್ದಿತು. ನಿದ್ರೆಗೆಡಿಸಿದ್ದು ಅದಲ್ಲ. ಈ ಹಾಸಿಗೆಯಲ್ಲಿ ನಿನ್ನೆ ಯಾರು ಮಲಗಿದ್ದರೋ, ಈ ನೆಲದ ಮೇಲೆ ಏನನ್ನು ತಿಂದು ಕುಡಿದು ಚೆಲ್ಲಿದ್ದರೋ, ಇಲ್ಲಿ ಕುಳಿತು ಇಷ್ಟಲಿಂಗವನ್ನು ಕರಸ್ಥಲಕ್ಕೆ ತೆಗೆದುಕೊಳ್ಳುವುದಾದರೂ ಹೇಗೆ ಎಂಬ ಹೇಸಿಕೆ ಮೈಯೆಲ್ಲ ಹರಿದಾಡತೊಡಗಿತು. ಮಠದ ಪ್ರಸಾದನಿಲಯದಲ್ಲಿ ನಲವತ್ತು ಹುಡುಗರು ಒಂದೇ ಪಡಸಾಲೆಯಲ್ಲಿ ಮಲಗುತ್ತಿದ್ದೆವು. ಒಬ್ಬರ ಕಾಲು ಇನ್ನೊಬ್ಬರ ತಲೆಗೆ. ಆಗ ಯಾವ ಹೇಸಿಕೆಯೂ ಇರಲಿಲ್ಲ. ಬೆಳಿಗ್ಗೆ ಎದ್ದು ಆ ನೆಲವನ್ನು ಸಗಣಿಯಿಂದ ಸಾರಿಸುವ ಪಾಳಿ ವಾರಕ್ಕೊಮ್ಮೆ ನಮಗೂ ಬರುತ್ತಿತ್ತು. ಅಂಥವರು ನಾವು, ಅರವತ್ತು ದಾಟಿದ ಮೇಲೆ, ಒರೆಸಿಟ್ಟ ಹಾಸುಗಲ್ಲಿನ ಮೇಲೆ ಕಾಲಿಡಲು ಅಳುಕಿದೆವು.

ಮೊದಲ ದಿನ ಸಂಜೆಯೇ ಹುಡುಗನನ್ನು ಕರೆದುಕೊಂಡು ಷಾರ್ಲಟ್ ಬೀದಿಯ ಅಂಗಡಿಗಳಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ಟು, ಒಂದು ಮಗ್ಗು ಕೊಂಡು ತಂದಿದ್ದೆವು. ಬೆಳಗಿನ ಐದು ಗಂಟೆಗೆ (ಊರಿನಲ್ಲಿ ಆಗ ಮಧ್ಯಾಹ್ನ ಎರಡೂವರೆ) ಎದ್ದು, ಸ್ನಾನದ ಮನೆಯಿಂದ ಆರು ಬಕೆಟ್ಟು ನೀರು ತಂದು ಕೋಣೆಯ ನೆಲಕ್ಕೆ ಸುರಿದು ತಿಕ್ಕಿ ತೊಳೆದೆವು. ನೀರು ಹರಿದು ಹೋಗಲು ನಮ್ಮ ಮನೆಗಳಲ್ಲಿರುವಂತೆ ಆ ಕೋಣೆಗೆ ಕಿಂಡಿಯಿಲ್ಲವೆಂಬುದು ನಮಗೆ ಹೊಳೆದದ್ದು ತೊಳೆದಾದ ಮೇಲೆ. ಟವೆಲಿನಿಂದ ಬಳಿದಷ್ಟು ಬಳಿದೆವು. ಉಳಿದದ್ದು ಬಾಗಿಲ ಕೆಳಗಿನಿಂದ ತಾನಾಗಿ ಎಲ್ಲಿಗೋ ಹೋಯಿತು. ಒಣಗಿದ ಕಡೆ ಮಡಿವಸ್ತ್ರ ಹಾಸಿ, ಭಸ್ಮ ಧರಿಸಿ, ಧೂಪವಿಲ್ಲದೆಯೇ ಪೂಜೆಗೆ ಕುಳಿತೆವು.

ಲಿಂಗವು ಅಂಗೈಯಲ್ಲಿದ್ದಾಗಲೇ ಮೆಟ್ಟಿಲ ಕಡೆಯಿಂದ ಗದ್ದಲ ಕೇಳಿಸಿತು. ನೀರು ಮೆಟ್ಟಿಲಿಳಿದು, ಕೆಳಗಿನ ಪಡಸಾಲೆಯ ಜಮಖಾನೆಯನ್ನು ನೆನೆಸಿ, ಒಬ್ಬ ಅತಿಥಿಯ ಪೆಟ್ಟಿಗೆಯವರೆಗೂ ಹೋಗಿತ್ತು. ಹೋಟೆಲಿನ ವ್ಯವಸ್ಥಾಪಕ, ಮೂವತ್ತರ ಆಸುಪಾಸಿನ ತರುಣ, ಕಸಗುಡಿಸುವ ಹೆಂಗಸನ್ನು ಗದರಿಸುತ್ತಿದ್ದ. ರಾತ್ರಿ ನಳ ತಿರುವದೆ ಬಿಟ್ಟಿರುವೆ, ಇದು ಎರಡನೆಯ ಸಲ, ಇಂದಿನ ಕೂಲಿ ನಿನಗಿಲ್ಲ ಎಂಬುದು ನಮಗೆ ಸ್ಪಷ್ಟವಾಗಿ ಕೇಳಿಸಿತು. ಆಕೆ ನಳವನ್ನು ತಾನೇ ನಿಲ್ಲಿಸಿದ್ದಾಗಿ ಒಮ್ಮೆ ಹೇಳಿದಳು. ಆಮೇಲೆ ಸುಮ್ಮನಾದಳು.

ನಾವು ಏಳಲಿಲ್ಲ. ಪೂಜೆಯ ನಡುವೆ ಏಳಬಾರದೆಂಬ ನಿಯಮ ಕೈಯಲ್ಲಿಯೇ ಇತ್ತಲ್ಲ! ಆದರೆ ಅಂದು ನಾವು ಮಾಡಿದ್ದು ಪೂಜೆಯೋ, ಪೂಜೆಯ ಮರೆಯಲ್ಲಿ ಅಡಗಿದ್ದೋ ಎಂದು ವಾಚಕರು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ನಿತ್ಯ ಅರ್ಧ ತಾಸಿನಲ್ಲಿ ಮುಗಿಯುವ ಪೂಜೆ ಅಂದು ಒಂದು ತಾಸು ನಡೆಯಿತು.

ಹೊರಬಂದು ವ್ಯವಸ್ಥಾಪಕನಿಗೆ ನಡೆದುದನ್ನು ಹೇಳಿದೆವು. ಆತ ನಕ್ಕು, ಚಿಂತೆಯಿಲ್ಲ ಎಂದ. ಆ ಹೆಂಗಸು ಮೆಟ್ಟಿಲ ಮೇಲೆ ಕುಳಿತು ಜಮಖಾನೆ ಹಿಂಡುತ್ತಿದ್ದಳು. ವಯಸ್ಸು ನಮಗಿಂತ ಒಂದೆರಡು ವರ್ಷ ಕಡಿಮೆಯಿದ್ದೀತು; ಮುಖಚಹರೆ ನಮ್ಮ ದೇಶದವರದೇ. ತಪ್ಪಾಯಿತು ತಾಯಿ ಎಂದು ಇಂಗ್ಲಿಷಿನಲ್ಲಿ ಹೇಳಿ ಸ್ವಲ್ಪ ಹಣ ಮುಂದೆ ಹಿಡಿದೆವು. ಆಕೆ ಹಣದ ಕಡೆಗೆ ನೋಡಲಿಲ್ಲ.

"ಇಂಡಿಯಾದಿಂದ ಒಬ್ಬ ಬಾಬಾ ಬರುತ್ತಾರೆಂದು ಹೇಳಿದ್ದರು. ಆ ಕೋಣೆಯನ್ನು ನಿನ್ನೆ ಎರಡು ಸಲ ಒರೆಸಿದ್ದೆ," ಎಂದಷ್ಟೇ ಹೇಳಿ ಮತ್ತೆ ಜಮಖಾನೆ ಹಿಂಡತೊಡಗಿದಳು.

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗವಂತರಿಗಿಲ್ಲವೆಂದು ನಲವತ್ತು ವರ್ಷಗಳಿಂದ ಪ್ರವಚನ ಹೇಳುತ್ತ ಬಂದಿದ್ದೇವೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂಬುದರ ಮೇಲೆ ಒಂದು ಪುಸ್ತಕವನ್ನೂ ಬರೆದಿದ್ದೇವೆ. ಆಕೆಯ ಕಾಯಕದ ಮೇಲೆ ನಾವು ಆರು ಬಕೆಟ್ಟು ನೀರು ಸುರಿದಿದ್ದೆವು.

ಮಧ್ಯಾಹ್ನ ಆಕೆಯ ಕೈಯಲ್ಲಿದ್ದ ಮೊಬೈಲಿನಿಂದ ಮಗುವೊಂದರ ಧ್ವನಿ ಕೇಳಿಸಿತು: "ಆಜೀ, ಆಜೀ." ನಾವು ಬೆಚ್ಚಿಬಿದ್ದೆವು. ಯಾರಾದರೂ ಕನ್ನಡದವರೇ ಎಂದು ಕೇಳಿದರೆ ಆಕೆಗೆ ಕನ್ನಡವೆಂಬ ಹೆಸರೇ ಗೊತ್ತಿಲ್ಲ. ಅಲ್ಲಿಯವರ ಭೋಜಪುರಿಯಲ್ಲಿ ತಂದೆಯ ತಂದೆ ಆಜಾ, ತಂದೆಯ ತಾಯಿ ಆಜಿ. ತಾಯಿಯ ಕಡೆಯವರು ನಾನಾ, ನಾನಿ. ಭಾಷೆ ಹೆಚ್ಚುಕಡಿಮೆ ಮರೆತುಹೋಗಿ ಎಲ್ಲರೂ ಇಂಗ್ಲಿಷನ್ನೇ ಆಡಿದರೂ ಈ ಕೆಲವು ಮಾತುಗಳು ಉಳಿದಿವೆ. ಹಾಗಲಕಾಯಿಗೆ ಕರೈಲಿ, ನುಗ್ಗೆಗೆ ಸೈಜನ್, ಬದನೆಗೆ ಬೈಗನ್. ನಮ್ಮ ಕಡೆ ಭಕ್ತರು ನಮ್ಮನ್ನು ಅಜ್ಜಾರು ಎಂದು ಕರೆಯುತ್ತಾರೆಂದು ಹೇಳಿದಾಗ ಆಕೆ ಆ ದಿನ ಮೊದಲ ಸಲ ನಕ್ಕಳು.

ಆಮೇಲೆ ಮಾತು ಬೆಳೆಯಿತು. ಆಕೆಯ ಹಿರಿಯರು ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಬಂದವರು. 1845ರ ಮೇ 30ರಂದು ಫತೆಲ್ ರಜಾಕ್ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಜನರನ್ನು ಕಲ್ಕತ್ತೆಯಿಂದ ಇಲ್ಲಿಗೆ ತಂದಿಳಿಸಿತು. ಅಲ್ಲಿಂದ 1917ರವರೆಗೆ ಬಂದವರು ಸುಮಾರು ಒಂದೂಕಾಲು ಲಕ್ಷಕ್ಕೂ ಮೇಲೆ. ಹೆಚ್ಚಿನವರು ಇಂದಿನ ಉತ್ತರ ಪ್ರದೇಶ, ಬಿಹಾರಗಳವರು. ಮದರಾಸಿನ ಬಂದರಿನಿಂದ ಬಂದ ತೆಂಕಣದವರೂ ಕೆಲವರುಂಟು. ಈಕೆಯೂ ಹುಡುಗಿಯಾಗಿದ್ದಾಗಿನಿಂದ ಕಬ್ಬಿನ ಹೊಲದಲ್ಲಿ ದುಡಿದವಳು. ಸರ್ಕಾರದ ಸಕ್ಕರೆ ಕಂಪನಿ 2003ರಲ್ಲಿ ಮುಚ್ಚಿದಾಗ ಸಾವಿರಾರು ಜನರೊಂದಿಗೆ ಈಕೆಯ ಕೆಲಸವೂ ಹೋಯಿತು. ಅಂದಿನಿಂದ ಹೋಟೆಲುಗಳ ನೆಲ ಒರೆಸುವುದು. ದಿನವೂ ನಸುಕಿನಲ್ಲಿ ಎದ್ದು ಬಸ್ಸು ಹಿಡಿದು ಬರುತ್ತಾಳೆ. ಒಂದು ದಿನದ ಕೂಲಿಯೆಂದರೆ ಏನೆಂದು ಕಬ್ಬಿನ ಸೀಮೆಯಲ್ಲಿ ಹುಟ್ಟಿದ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನೀರು ಹೊತ್ತವರನ್ನು ನೋಡಬೇಕೆಂದರೆ ವಾಟರ್‌ಲೂಗೆ ಹೋಗಿ ಬನ್ನಿ, ಬಾಬಾ," ಎಂದಳು. ಮಾತಿನಲ್ಲಿ ಚುಚ್ಚು ಇತ್ತೋ ಇಲ್ಲವೋ ತಿಳಿಯಲಿಲ್ಲ.

ಮರುದಿನ ಸಿಟಿ ಗೇಟ್ ನಿಲ್ದಾಣದಿಂದ ಹಸಿರು ಪಟ್ಟಿಯ ಮ್ಯಾಕ್ಸಿ ಟ್ಯಾಕ್ಸಿ ಹತ್ತಿ ಷಗ್ವಾನಸ್ ಎಂಬ ಪೇಟೆಗೆ, ಅಲ್ಲಿಂದ ಇನ್ನೊಂದು ಕಾರಿನಲ್ಲಿ ಕಡಲ ದಂಡೆಗೆ ಹೋದೆವು. ಆ ಸೀಮೆಯಲ್ಲಿಯೇ ಮೈಸೂರಿನ ದತ್ತಪೀಠದವರು ಎಬ್ಬಿಸಿದ 85 ಅಡಿಯ ಹನುಮಂತನ ವಿಗ್ರಹವಿದೆ. ಅದನ್ನು ದೂರದಿಂದಲೇ ಕಂಡೆವು. ನಮಗೆ ನೋಡಬೇಕಾಗಿದ್ದುದು ಸೀವದಾಸ ಸಾಧು ಎಂಬ ಕಬ್ಬಿನ ಕೂಲಿ ಕಟ್ಟಿದ ಸಮುದ್ರದೊಳಗಣ ಗುಡಿ. ಆತ 1947ರಲ್ಲಿ ದಂಡೆಯ ಮೇಲೆ ಒಂದು ಚಿಕ್ಕ ಗುಡಿ ಕಟ್ಟಿದ. ನೆಲ ಸಕ್ಕರೆ ಕಂಪನಿಯದು. 1952ರಲ್ಲಿ ಗುಡಿಯನ್ನು ಕೆಡವಿದರು, ಆತನನ್ನು 14 ದಿನ ಸೆರೆಮನೆಗೆ ಹಾಕಿದರು. ಹೊರಬಂದವನು, ನೆಲಕ್ಕೆ ಒಡೆಯರಿದ್ದಾರೆ, ಕಡಲಿಗೆ ಒಡೆಯರಿಲ್ಲವಲ್ಲ ಎಂದು ಸಮುದ್ರದೊಳಗೇ ಕಟ್ಟಲು ನಿಂತ. ಸೈಕಲ್ಲಿನ ಮೇಲೆ ಬಕೆಟ್ಟುಗಳಲ್ಲಿ ಕಲ್ಲು, ಸಿಮೆಂಟು ಹೇರಿಕೊಂಡು, ನೀರಿಳಿದಾಗ ಹೋಗಿ ಸುರಿದು, ವರ್ಷಾನುಗಟ್ಟಲೆ ಒಬ್ಬನೇ ದಾರಿಯನ್ನೂ ಗುಡಿಯನ್ನೂ ಎಬ್ಬಿಸಿದ. ಅಲೆಗಳು ಕೆಡವಿದಾಗ ಮತ್ತೆ ಸುರಿದ. ಈಗಿರುವ ಎಂಟು ಮೂಲೆಯ ಗುಡಿ, ಭಾರತೀಯರು ಬಂದು 150 ವರ್ಷಗಳಾದ ಸಂದರ್ಭದಲ್ಲಿ, 1995ರ ಸುಮಾರಿಗೆ, ಅದೇ ಸ್ಥಳದಲ್ಲಿ ಹೊಸದಾಗಿ ಎದ್ದದ್ದು.

ಸ್ಥಾವರವನ್ನು ನಾವು ಪೂಜಿಸುವವರಲ್ಲ. ಒಳಗೆ ಹೋಗಿ ಕೈಮುಗಿಯಲಿಲ್ಲ. ಆದರೆ ದಂಡೆಯಿಂದ ಗುಡಿಗೆ ಹೋಗುವ ಆ ಉದ್ದನೆಯ ದಾರಿಯ ಮೇಲೆ ನಿಂತು, ಎರಡೂ ಬದಿಯ ಕೆಸರು ನೀರನ್ನು ನೋಡುತ್ತ ಬಹಳ ಹೊತ್ತು ಕಳೆದೆವು. ಆತನೂ ಬಕೆಟ್ಟು ಹೊತ್ತವನೇ.

ನಾಲ್ಕನೆಯ ರಾತ್ರಿ ಕಳೆದು ಬೆಳಿಗ್ಗೆ ನಾವು ಬಾಗಿಲು ತೆರೆದಾಗ ಆ ತಾಯಿ ಹೊರಗೆ ನಿಂತಿದ್ದಳು. ಕೈಯಲ್ಲಿ ಪತ್ರಿಕೆಯ ಕಾಗದದಲ್ಲಿ ಸುತ್ತಿದ ಬಿಲ್ವದ ಎಲೆಗಳು. ಶಿವರಾತ್ರಿಗೆಂದು ಅಲ್ಲಿಯವರು ಹಿತ್ತಿಲುಗಳಲ್ಲಿ ಈ ಮರವನ್ನು ಬೆಳೆಸಿಕೊಂಡು ಬಂದಿದ್ದಾರೆ. "ಇಂದು ಕೂಸಿನ ಪೂಜೆಯಲ್ಲವೆ?" ಎಂದಳು. ತೊಳೆದಿದ್ದೇನೆ ಎಂದೂ ಸೇರಿಸಿದಳು. ಆ ಕೊನೆಯ ಮಾತು ಆಕೆಯ ಬಾಯಿಂದ ಬರಬೇಕಾಯಿತಲ್ಲ ಎಂದು ನಮಗೆ ಎದೆ ಹಿಂಡಿದಂತಾಯಿತು. ಕಾಗದವನ್ನು ಎರಡೂ ಕೈಗಳಿಂದ ತೆಗೆದುಕೊಂಡು, ಅದರಲ್ಲಿ ಅರ್ಧವನ್ನು ಅಂದಿನ ನಮ್ಮ ಪೂಜೆಗೆ, ಅದೇ ಕೋಣೆಯಲ್ಲಿ, ಆಕೆ ಒರೆಸಿದ ನೆಲದ ಮೇಲೆಯೇ ಕುಳಿತು ಬಳಸಿದೆವು. ಉಳಿದರ್ಧ ಕೂವಾದಲ್ಲಿ ಕೂಸಿನ ಲಿಂಗಧಾರಣೆಗೆ ಹೋಯಿತು. ಬಾಣಂತಿ ಅಂದು ಮುಂಜಾನೆಯೇ ಗುಣವಾಗಿ ಮನೆ ಸೇರಿದ್ದಳು.

ಹೋಟೆಲಿನ ಲೆಕ್ಕ ತೀರಿಸುವಾಗ, ಆಕೆಯ ಒಂದು ದಿನದ ಕೂಲಿಯನ್ನು ನಮ್ಮ ಬಿಲ್ಲಿಗೆ ಸೇರಿಸಿರೆಂದು ವ್ಯವಸ್ಥಾಪಕನಿಗೆ ಹೇಳಿದೆವು. ಅದನ್ನು ಅಂದೇ ಸರಿಪಡಿಸಿದೆ ಎಂದು ಆತ ಮತ್ತೆ ನಕ್ಕ. ಆಕೆಯನ್ನೇ ಕೇಳಿ ತಿಳಿದುಕೊಳ್ಳಬಹುದಾಗಿತ್ತು; ಹತ್ತು ಹೆಜ್ಜೆ ದೂರದಲ್ಲಿ ಮೆಟ್ಟಿಲು ಒರೆಸುತ್ತಿದ್ದಳು. ಕೇಳಲು ನಮಗೆ ಧೈರ್ಯ ಬರಲಿಲ್ಲ. ಬಕೆಟ್ಟು, ಮಗ್ಗು ಎರಡನ್ನೂ ಆಕೆಯ ಬಳಿ ಬಿಟ್ಟೆವು. ಬಕೆಟ್ಟು ಗಟ್ಟಿಯಾಗಿದೆ, ಕೆಲಸಕ್ಕೆ ಬರುತ್ತದೆ ಎಂದಳು.