ಘಟ್ಟದ ಮೇಲಿನವರಿಗೊಂದು ಡೈವ್ ಕಂಪ್ಯೂಟರ್

ಜನವರಿ 14, 2024, ಭಾನುವಾರ, ಸಾಗರ

ಸ್ಕೂಬಾ ಡೈವಿಂಗ್‌ನ ಓಪನ್ ವಾಟರ್ ಕಾರ್ಡ್ ಕೈಗೆ ಬಂತು. ಇನ್ನು ನೇತ್ರಾಣಿ ದ್ವೀಪದ ಬಳಿ 18 ಮೀಟರ್‌ವರೆಗೆ ಇಳಿಯಬಹುದು. ಸಿಲಿಂಡರ್, ರೆಗ್ಯುಲೇಟರ್, ಜಾಕೆಟ್ಟು ಎಲ್ಲ ಮುರುಡೇಶ್ವರದಲ್ಲೇ ಬಾಡಿಗೆಗೆ ಸಿಗುತ್ತವೆ. ಮಣಿಕಟ್ಟಿಗೆ ಕಟ್ಟುವ ಡೈವ್ ಕಂಪ್ಯೂಟರ್ ಮಾತ್ರ ನನ್ನದೇ ಇರಬೇಕು. ಗೈಡ್ ಕೈಯಲ್ಲಿ ಒಂದು ಇರುತ್ತದೆ, ನಿಜ. ಆದರೆ ಅದು ಹೇಳುವುದು ಅವನ ದೇಹದ ಲೆಕ್ಕವನ್ನು. ಅವನು ನಿನ್ನೆ ಎಷ್ಟು ಸಲ ಮುಳುಗಿದ್ದ, ಇವತ್ತು ನನಗಿಂತ ಎರಡು ಮೀಟರ್ ಮೇಲಿದ್ದನೋ ಕೆಳಗಿದ್ದನೋ, ಎಲ್ಲ ಅದರಲ್ಲಿ ಸೇರಿರುತ್ತದೆ. ನನ್ನ ರಕ್ತದಲ್ಲಿ ಕರಗಿದ ಸಾರಜನಕದ ಲೆಕ್ಕ ನನ್ನ ಮಣಿಕಟ್ಟಿನಲ್ಲೇ ಇರಬೇಕು.

ಜನವರಿ 17, ಬುಧವಾರ

ಅಂಗಳದಲ್ಲಿ ಅಡಿಕೆ ಸುಲಿತ ಮುಗಿಯುವಷ್ಟರಲ್ಲಿ ತೀರ್ಥಹಳ್ಳಿಯಿಂದ ಭಾವ ಬಂದರು. ವಿಷಯ ಹೇಳಿದೆ. "ನೀರೊಳಗೆ ಹೋಗಕ್ಕೆ ಅಷ್ಟು ದುಡ್ಡಿನ ವಾಚ್ ಎಂತಕ್ಕೆ ಮಾರಾಯಾ?" ಅಂದರು. ಕೇಳಬೇಕಾದ ಪ್ರಶ್ನೆಯೇ. ಕೂತು ವಿವರಿಸಿದೆ.

ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟಾಗುತ್ತದೆ. ಉಸಿರಾಡಿದ ಗಾಳಿಯ ಸಾರಜನಕ ರಕ್ತಕ್ಕೂ ಮಾಂಸಖಂಡಕ್ಕೂ ಸೇರುತ್ತ ಹೋಗುತ್ತದೆ. ಬೇಗ ಮೇಲೆ ಬಂದರೆ ಅದು ಗುಳ್ಳೆಯಾಗಿ ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯುವನ್ನೂ ತರಬಹುದು. 1908ರಲ್ಲಿ ಬ್ರಿಟನ್ನಿನ ವಿಜ್ಞಾನಿ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ಮಾಡಿ, ಹೇಗೆ ಮೇಲೆ ಬರಬೇಕೆಂಬ ಮೊದಲ ಕೋಷ್ಟಕ ಕೊಟ್ಟ. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ಇವತ್ತಿನ ಕೋಷ್ಟಕದಲ್ಲಿ 18 ಮೀಟರ್‌ಗೆ ಹೆಚ್ಚೆಂದರೆ 56 ನಿಮಿಷ ಎಂದಿದೆ. ಆದರೆ ಇಡೀ ಹೊತ್ತು ತಳದಲ್ಲೇ ಇದ್ದೆವು ಎಂದು ಕೋಷ್ಟಕ ಹಿಡಿದುಕೊಳ್ಳುತ್ತದೆ. ನೇತ್ರಾಣಿಯಲ್ಲಿ ಬಂಡೆಯ ಪಕ್ಕ ಏರುತ್ತ ಇಳಿಯುತ್ತ ಮೀನು ನೋಡುವವರಿಗೆ ಅದು ಹೊಂದುವುದಿಲ್ಲ. ಕಂಪ್ಯೂಟರ್ ಕೆಲವೇ ಸೆಕೆಂಡಿಗೊಮ್ಮೆ ಒತ್ತಡ ಅಳೆದು ಹೊಸ ಲೆಕ್ಕ ಹಾಕುತ್ತದೆ, ವೇಗವಾಗಿ ಏರಿದರೆ ಕೂಗುತ್ತದೆ, ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಲ್ಲಿಸುತ್ತದೆ.

ಬೆಲೆ ಕೇಳಿದರು. ಮೊದಲ ಕಂಪ್ಯೂಟರ್‌ಗೆ ಒಂದು ಕ್ವಿಂಟಲ್ ರಾಶಿ ಅಡಿಕೆಯ ದುಡ್ಡು ಪೂರ್ತಿ ಬೇಡ ಎಂದೆ. ಭಾವ ಒಪ್ಪಿದರು.

ಜನವರಿ 21, ಭಾನುವಾರ

ಕಣ್ಣು ಪೆರಿಗ್ರೀನ್ ಎಂಬ ಕಂಪ್ಯೂಟರ್ ಮೇಲೆ ಹೋಗುತ್ತಲೇ ಇದೆ. ಬಣ್ಣದ ಪರದೆ, ಅದರೊಳಗೆ ಜ್ಯೂರಿಕ್‌ನ ವೈದ್ಯ ಬ್ಯೂಲ್ಮನ್ ರೂಪಿಸಿದ ಲೆಕ್ಕ. ಸ್ವಿಟ್ಜರ್ಲೆಂಡಿನ ಎತ್ತರದ ಸರೋವರಗಳಲ್ಲಿ ಮುಳುಗುವವರ ಸಲುವಾಗಿ ದುಡಿದವರು ಅವರು. ವಸ್ತು ಚೆನ್ನಾಗಿದೆ, ಆದರೆ ಕ್ರೆಸ್ಸಿ ಲಿಯೊನಾರ್ಡೊ ಎಂಬ ಇನ್ನೊಂದು ಕಂಪ್ಯೂಟರಿನ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚು. ವರ್ಷದಲ್ಲಿ ಮಳೆ ಬಿಟ್ಟ ತಿಂಗಳುಗಳಲ್ಲಷ್ಟೇ ಸಮುದ್ರಕ್ಕಿಳಿಯುವ ನನಗೆ ಅದು ಈಗ ಬೇಡ.

ಉಳಿದದ್ದು ಲಿಯೊನಾರ್ಡೊ, ಮಾರೆಸ್ ಪಕ್ ಪ್ರೊ, ಸುಂಟೊ ಝೂಪ್ ನೋವೊ. ಮೂರರಲ್ಲೂ ಅಂಕಿ ದೊಡ್ಡದು, ಮೂರರ ಬ್ಯಾಟರಿಯನ್ನೂ ನಾವೇ ಬದಲಿಸಬಹುದು. ಸಾಗರದಲ್ಲಿರುವವರಿಗೆ ಇದು ಸಣ್ಣ ಸಂಗತಿಯಲ್ಲ; ಬ್ಯಾಟರಿ ಸತ್ತಾಗಲೆಲ್ಲ ಯಂತ್ರವನ್ನು ದೂರದೂರಿಗೆ ಕಳಿಸಿ ಕಾಯುತ್ತ ಕೂತರೆ ಹಂಗಾಮೇ ಮುಗಿದುಹೋಗುತ್ತದೆ. ಮೊದಲೆರಡಕ್ಕೆ ಒಂದೇ ಗುಂಡಿ, ಕಲಿಯುವುದು ಸಲೀಸು. ಸುಂಟೊಗೆ ನಾಲ್ಕು.

ಜನವರಿ 27, ಶನಿವಾರ

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಚಾರ ಇವತ್ತು ಸ್ಪಷ್ಟವಾಯಿತು. ನೇತ್ರಾಣಿಯಲ್ಲಿ ಮುಳುಗಿದ ಕರಾವಳಿಯವರು ಸಮುದ್ರಮಟ್ಟದಲ್ಲೇ ಮಲಗುತ್ತಾರೆ. ನಾವು ಘಟ್ಟ ಹತ್ತುತ್ತೇವೆ! ಸಾಗರ, ತೀರ್ಥಹಳ್ಳಿ ಎರಡೂ ಸುಮಾರು 590 ಮೀಟರ್ ಎತ್ತರದಲ್ಲಿವೆ. ಇಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ಶೇ. 7ರಷ್ಟು ಕಡಿಮೆ. ಭಟ್ಕಳದಿಂದ ಕೋಗಾರು ಘಾಟಿಯಲ್ಲಿ ಬಂದರೂ, ಹುಲಿಕಲ್ ಹತ್ತಿ ಹೊಸನಗರಕ್ಕೆ ಹೋದರೂ, ಆಗುಂಬೆ ಸುತ್ತು ಹತ್ತಿ ತೀರ್ಥಹಳ್ಳಿ ಸೇರಿದರೂ ಅದೇ ಕಥೆ. ಮೈಯಲ್ಲಿ ಉಳಿದ ಸಾರಜನಕಕ್ಕೆ ಬಸ್ಸೂ ಒಂದೇ, ವಿಮಾನವೂ ಒಂದೇ. ಎಷ್ಟು ಎತ್ತರ ಎನ್ನುವುದಷ್ಟೇ ಲೆಕ್ಕ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರು ವಿಮಾನ ಹತ್ತುವ ಮುನ್ನ ಒಂದು ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಿರಿ ಎನ್ನುತ್ತಾರೆ. ಆ ಸೂಚನೆ 2,000 ಅಡಿ, ಅಂದರೆ 610 ಮೀಟರ್‌ನಿಂದ ಶುರು. ನಮ್ಮ ಊರುಗಳು ಅದರ ಅಂಚಿನಲ್ಲಿವೆ, ಆಗುಂಬೆ ದಾಟಿದೆ. ಮರುದಿನ ಬೆಳಿಗ್ಗೆ ಕೊಡಚಾದ್ರಿ ಹತ್ತಿಸುವ ಪ್ಯಾಕೇಜಿನವರು ಇದನ್ನು ಯೋಚಿಸಲೇಬೇಕು. ಅದು 1,343 ಮೀಟರ್.

ಝೂಪ್ ನೋವೊ ವಿಮಾನದ ಗುರುತು ತೋರಿಸಿ, ಕಾಯಬೇಕಾದ ಗಂಟೆಗಳನ್ನು ಎಣಿಸುತ್ತ ಇಳಿಸುತ್ತದೆ. ಎತ್ತರದ ನೀರಿಗೆ ಬೇರೆ ಹೊಂದಿಕೆಯೂ ಅದರಲ್ಲಿದೆ. 300 ಮೀಟರ್ ದಾಟಿದ ಕಡೆ ಮುಳುಗುವುದಾದರೆ ಬದಲಿಸಲೇಬೇಕು. ಲಿಂಗನಮಕ್ಕಿಯ ಪೂರ್ಣ ಮಟ್ಟ 1,819 ಅಡಿ, ಅಂದರೆ 554 ಮೀಟರ್. ಒಣಮರಗಳು ನಿಂತ ಆ ಹಿನ್ನೀರಿಗೆ ನಾನು ಇಳಿಯುವುದಿಲ್ಲ. ಆದರೆ ಎಂದಾದರೂ ಅನುಮತಿ ಪಡೆದು, ತರಬೇತಾದವರು ಇಳಿಯುವುದಾದರೆ ಕಡಲಿನ ಲೆಕ್ಕ ಅಲ್ಲಿ ನಡೆಯದು.

ಫೆಬ್ರವರಿ 2, ಶುಕ್ರವಾರ

ಭಾವ ತಮಗೂ ಕಲಿಯಬೇಕು ಎನ್ನುತ್ತಿದ್ದಾರೆ. "ಒಂದೇ ತಗೊಂಡು ಇಬ್ಬರೂ ಬಳಸೋಣ" ಅಂದರು. ಆಗದು ಎಂದೆ. ಒಬ್ಬರ ಮೈಯ ಸಾರಜನಕ ನೆನಪಿಟ್ಟ ಯಂತ್ರ ಅದೇ ದಿನ ಇನ್ನೊಬ್ಬರಿಗೆ ಸುಳ್ಳು ಹೇಳುತ್ತದೆ. ಕಲಿತ ಮೇಲೆ ಅವರು ಲಿಯೊನಾರ್ಡೊ ತೆಗೆದುಕೊಳ್ಳಲಿ.

ನಾನು ಝೂಪ್ ನೋವೊಗೆ ದುಡ್ಡು ಕಳಿಸಿದೆ. ಮುಂದಿನ ಡೈವ್ ದಿನ ರಾತ್ರಿ ಮುರುಡೇಶ್ವರದಲ್ಲೇ ಉಳಿಯಲು ರೂಮು ಹೇಳಿಟ್ಟಿದ್ದೇನೆ. ಕೊನೆಯ ಡೈವ್ ಮುಗಿಸಿ ಮಧ್ಯಾಹ್ನ ಹನ್ನೆರಡಕ್ಕೆ ದೋಣಿ ಹತ್ತಿದರೆ, ಮರುದಿನ ಬೆಳಿಗ್ಗೆ ಆರಕ್ಕೆ 18 ಗಂಟೆ ತುಂಬುತ್ತದೆ, ಆಮೇಲೆ ಘಟ್ಟ.