ಬೋಟಿನ ಪಾಲು

ಬೋಟು ಇದೆ ಎಂದರೆ ಮುಂಬಯಿಯ ಗೆಳೆಯರು ಬಿಳಿ ವಿಹಾರನೌಕೆಯನ್ನು ನೆನೆಸಿಕೊಳ್ಳುತ್ತಾರೆ. ನಮ್ಮದು ಗಂಗೊಳ್ಳಿಯಲ್ಲಿರುವ ಮರದ ಮೀನುಗಾರಿಕಾ ಬೋಟು. ಅಪ್ಪನ ನಂತರ ಅಣ್ಣನಿಗೂ ನನಗೂ ಅರ್ಧರ್ಧ ಪಾಲು. ಕಡಲಿಗೆ ಹೋಗುವವನು ಅಣ್ಣ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹೊರಗಿನವರಿಗೆ ಅದು ರಜೆ. ಬೋಟಿನವರಿಗೆ ಆದಾಯವಿಲ್ಲದೆ ಖರ್ಚು ಮಾತ್ರ ಇರುವ ಕಾಲ.

ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಜೊತೆಗೆ ನಮ್ಮ ನೀರು ವರ್ಷವಿಡೀ ಬೆಚ್ಚಗೆ. ಬಾರ್ನಕಲ್ ಚಿಪ್ಪುಗಳಿಗೆ ಚಳಿಗಾಲದ ವಿರಾಮವೇ ಇಲ್ಲ. ಅವು ಬೋಟಿನ ಅಡಿಗೆ ಅಂಟಿ ಒರಟಾದರೆ ಅದೇ ವೇಗಕ್ಕೆ ಹೆಚ್ಚು ಡೀಸೆಲ್ ಬೇಕು. ಕೆರೆದು ತೆಗೆದು, ತಾಮ್ರದ ಅಂಶವಿರುವ ಬಣ್ಣ ಬಳಿಯಬೇಕು. ಮರ ಕೊರೆಯುವ ಹಡಗುಹುಳು ಇನ್ನೂ ಮೋಸದ್ದು. ಹೆಸರಿಗೆ ಹುಳು, ನಿಜಕ್ಕೆ ಚಿಪ್ಪುಮೀನಿನ ಸಂಬಂಧಿ. ಹೊರಗೆ ಸೂಜಿಮೊನೆಯಷ್ಟು ತೂತು, ಒಳಗೆ ಹಲಗೆಯುದ್ದಕ್ಕೂ ಸುರಂಗ. ಅದಕ್ಕೇ ಅಣ್ಣ ಹಲಗೆಯನ್ನು ನೋಡುವುದಿಲ್ಲ, ಸುತ್ತಿಗೆಯಿಂದ ತಟ್ಟಿ ಕೇಳುತ್ತಾನೆ.

ಫೈಬರ್ ಹೊದಿಸಿದರೆ ಹುಳು ತಾಗದು. ಆದರೆ ಮರ ಚೆನ್ನಾಗಿ ಒಣಗುವ ಮೊದಲೇ ಹೊದಿಸಿದರೆ ತೇವ ಒಳಗೇ ಸಿಕ್ಕಿ ಕೊಳೆಯುತ್ತದೆ. ಬಿಡುವಿರುವುದು ಮಳೆಗಾಲದಲ್ಲಿ, ಒಣಗಲು ಬೇಕಾದದ್ದು ಬಿಸಿಲು. ಟಾರ್ಪಾಲಿನ ಅಡಿ ಕೂತು ಹೊಳವಾಗುವುದನ್ನು ಕಾಯುವುದೂ ಒಂದು ಕೆಲಸ.

ಪ್ರೊಪೆಲ್ಲರಿನ ಹತ್ತಿರ ಸತುವಿನ ಬಿಲ್ಲೆ ಕೂರಿಸುತ್ತಾರೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದರೆ ಒಂದು ಸವೆಯಲೇಬೇಕು. ಸತು ಮೊದಲು ಸವೆದು ಉಳಿದವನ್ನು ಕಾಯುತ್ತದೆ. ವರ್ಷ ಕಳೆದರೂ ಬಿಲ್ಲೆ ಹೊಸದರಂತಿದ್ದರೆ ಖುಷಿಪಡುವಂತಿಲ್ಲ. ಅದರ ಸಂಪರ್ಕ ತಪ್ಪಿದೆ, ಅದರ ಬದಲು ಇನ್ನೇನೋ ಸವೆಯುತ್ತಿದೆ ಎಂದರ್ಥ.

ನಮ್ಮ ಲೆಕ್ಕದ ಪುಸ್ತಕದಲ್ಲಿ ಬಣ್ಣ, ಸತು, ಬಡಗಿಯ ಕೂಲಿ ಎಲ್ಲಕ್ಕೂ ಒಂದೊಂದು ಸಾಲು ಇತ್ತು. ಅಣ್ಣನ ಆ 61 ದಿನಗಳಿಗೆ ಸಾಲಿರಲಿಲ್ಲ. ಅಪ್ಪನ ಕಾಲದಿಂದಲೂ ಒಡೆಯನ ದುಡಿಮೆಯನ್ನು ಯಾರೂ ಬರೆದವರಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಆಗ ಒಡೆಯನೂ ದುಡಿಯುವವನೂ ಒಬ್ಬನೇ.

ಅಣ್ಣನಿಗೀಗ ಐವತ್ತಾರು. ಬೋಟಿನಡಿ ಮಲಗಿ ಕೆರೆಯಲು ಮೊಣಕಾಲು, ಭುಜ ಒಪ್ಪುತ್ತಿಲ್ಲ. ಅವನ ಮಗ ಬೆಂಗಳೂರಿನಲ್ಲಿದ್ದಾನೆ. ಮಾರೋಣವೇ ಎಂಬ ಮಾತು ಈ ಸಲ ಬಂತು. ಬೀಗ ಹಾಕಿದ ಮನೆ ಹಲವು ವರ್ಷ ನಿಂತೀತು, ಕೈ ತಾಗದ ಮರದ ಬೋಟು ಹಾಗಲ್ಲ. ಆದ್ದರಿಂದ ಈ ನಿರ್ಧಾರವನ್ನು ಮುಂದಕ್ಕೆ ಹಾಕುವಂತೆಯೂ ಇಲ್ಲ.

ಸದ್ಯಕ್ಕೆ ಎರಡು ವರ್ಷ ಇಟ್ಟುಕೊಳ್ಳುವುದೆಂದು ಒಪ್ಪಿದ್ದೇವೆ. ಅಡಿ ಕೆರೆಯಲು ಆಳು ಇಡುವುದು, ಅಣ್ಣ ನಿಂತು ನೋಡಿಕೊಳ್ಳುವ ದಿನಗಳಿಗೂ ಕೂಲಿ ಬರೆಯುವುದು, ಅದನ್ನು ಕಳೆದ ಮೇಲೆಯೇ ಅರ್ಧರ್ಧ. ಅಣ್ಣನಿಗೆ ಇದು ಸಂಕೋಚ. “ನಮ್ಮ ಬೋಟಿಗೆ ನಾನೇ ಕೂಲಿ ತಗೊಳ್ಳುದಾ?” ಎಂದ. ತಗೋ ಎಂದೆ. ಹತ್ತು ತಿಂಗಳ ಮೀನಿನಲ್ಲಿ ನನಗೆ ಪಾಲಿದೆ. ಆ ಎರಡು ತಿಂಗಳಲ್ಲೂ ಪಾಲಿದ್ದರೆ ಮಾತ್ರ ಬೋಟು ನನ್ನದೂ ಹೌದು.